ಮಸಿ ಹಚ್ಚದ ಓಲೆ

ಓಲೆಗರಿಯ ಮೇಲೆ ಕಂಟದಿಂದ ಕೊರೆದ ಅಕ್ಷರವನ್ನು ಕೊರೆದ ಕೂಡಲೆ ಓದಲಾಗುವುದಿಲ್ಲ. ಗರಿಯ ಬಣ್ಣವೂ ಗೀರಿನ ಬಣ್ಣವೂ ಹೆಚ್ಚುಕಡಿಮೆ ಒಂದೇ. ದೀಪದ ಮಸಿಯನ್ನು ಎಣ್ಣೆಯೊಡನೆ ಕಲಸಿ ಗರಿಯ ಮೇಲೆ ತೀಡಿ, ಮೇಲ್ಮೈಯನ್ನು ಬಟ್ಟೆಯಿಂದ ಒರೆಸಿದಾಗ ಗೀರುಗಳೊಳಗೆ ಮಸಿ ನಿಂತು ಅಕ್ಷರಗಳು ಕಾಣತೊಡಗುತ್ತವೆ. ಅಕ್ಷರ ಮೊದಲೇ ಅಲ್ಲಿತ್ತು. ಮಸಿ ಅದನ್ನು ತೋರಿಸಿತು, ಅಷ್ಟೆ. ಆದರೆ ತೀಡುವ ಕೈ ಎಚ್ಚರ ತಪ್ಪಿದರೆ ಗರಿಯ ನಾರಿನ ಸೀಳಿಗೂ ಮಸಿ ಹತ್ತುತ್ತದೆ, ಹುಳು ಕೊರೆದ ಜಾಡಿಗೂ ಹತ್ತುತ್ತದೆ. ಆಗ ಲಿಪಿಕಾರ ಬರೆಯದ ಗೆರೆಯೂ ಓದುವವನಿಗೆ ಅಕ್ಷರದ ಅಂಗವಾಗಿ ತೋರುತ್ತದೆ.

ಈ ಮಾತನ್ನು ತರಗತಿಯಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ಹೇಳಿದವನು ನಾನು. ಡಿ. ಎಲ್. ನರಸಿಂಹಾಚಾರ್ಯರು 1964ರಲ್ಲಿ ಪ್ರಕಟಿಸಿದ ‘ಕನ್ನಡ ಗ್ರಂಥಸಂಪಾದನೆ’ಯನ್ನು ಮುಂದಿಟ್ಟುಕೊಂಡು, ಮೂಲಪ್ರತಿ ಎಂದರೇನು, ಪಾಠಾಂತರ ಎಂದರೇನು, ಸಂಪಾದಕನ ಊಹೆ ಎಲ್ಲಿಯವರೆಗೆ ಸಲ್ಲುತ್ತದೆ ಎಂಬುದನ್ನೆಲ್ಲ ಎಂ.ಎ. ವಿದ್ಯಾರ್ಥಿಗಳಿಗೆ ವಿವರಿಸಿದ್ದೇನೆ. ನಿವೃತ್ತಿಯ ಅನಂತರ ಅದೇ ಪಾಠವನ್ನು ಒಂದು ಕ್ಯಾಮೆರಾದಿಂದಲೂ, ಹವ್ಯಾಸಿಗಳಿಗಾಗಿ ಮಾರುವ ಒಂದು ಸಾಧಾರಣ ಚಿತ್ರಸಂಸ್ಕರಣ ತಂತ್ರಾಂಶದಿಂದಲೂ ನಾನು ಮತ್ತೆ ಕಲಿಯಬೇಕಾಯಿತು. ಕಲಿತದ್ದು ಸುಖವಾಗಿ ಅಲ್ಲ, ಒಂದು ತಪ್ಪು ಮಾಡಿ. ಆ ತಪ್ಪಿನ ವೃತ್ತಾಂತವನ್ನೇ ಈ ಹೊತ್ತು ಕೇಳುಗ ಮಿತ್ರರಲ್ಲಿ ನಿವೇದಿಸಬೇಕೆಂದಿದ್ದೇನೆ.

ನಾನು ವಾಸಿಸುವುದು ಸಿಂಧನೂರಿನಲ್ಲಿ. ತುಂಗಭದ್ರೆಯ ಎಡದಂಡೆ ಕಾಲುವೆ ಬಂದ ಮೇಲೆ ನಮ್ಮ ಸುತ್ತೆಲ್ಲ ಭತ್ತದ ಸೀಮೆಯಾಗಿದೆ. ಇಲ್ಲಿಂದ ವಾಯವ್ಯಕ್ಕೆ ಬಸ್ಸು ಹತ್ತಿದರೆ ನೆಲದ ಮೋರೆ ಬದಲಾಗುತ್ತದೆ. ಮಸ್ಕಿ ಸಮೀಪಿಸುವ ಹೊತ್ತಿಗೆ ಬಂಡೆಗುಡ್ಡಗಳು ತಲೆಯೆತ್ತುತ್ತವೆ. ಲಿಂಗಸುಗೂರು ದಾಟಿ ಮುದಗಲ್ಲಿನ ಕಡೆ ಹೊರಳಿದರೆ ಕಲ್ಲೇ ಕಲ್ಲು. ಈ ಕಲ್ಲುಗಳ ಮೇಲೆ ನಮ್ಮ ಹಿಂದಿನವರು ಬರೆದಿದ್ದಾರೆ, ಕೊರೆದಿದ್ದಾರೆ, ಕುಟ್ಟಿ ಚಿತ್ರ ಮೂಡಿಸಿದ್ದಾರೆ. ಮುದಗಲ್ಲಿನ ಹತ್ತಿರದ ಪಿಕ್ಲಿಹಾಳದ ಬಂಡೆಗಳ ಮೇಲೆ ನವಶಿಲಾಯುಗದ ದನಗಾಹಿಗಳು ಎತ್ತುಗಳನ್ನು ಕುಟ್ಟಿ ಮೂಡಿಸಿದ್ದನ್ನು ಎಫ್. ಆರ್. ಆಲ್ಚಿನ್ ಎಂಬ ವಿದ್ವಾಂಸರು 1952ರಲ್ಲಿ ಅಲ್ಲಿ ಅಗೆದು ನೋಡಿ, 1960ರಲ್ಲಿ ಗ್ರಂಥರೂಪದಲ್ಲಿ ಲೋಕಕ್ಕೆ ತಿಳಿಸಿದರು.

ಮಸ್ಕಿಯ ವಿಷಯ ತಮಗೆಲ್ಲ ತಿಳಿದದ್ದೇ. 1915ರಲ್ಲಿ ಚಿನ್ನದ ಗಣಿಯ ಇಂಜಿನಿಯರಾಗಿದ್ದ ಸಿ. ಬೀಡನ್ ಎಂಬಾತ ಅಲ್ಲಿನ ಗುಡ್ಡದ ಬಂಡೆಯೊಂದರ ಮೇಲೆ ಬ್ರಾಹ್ಮೀ ಅಕ್ಷರಗಳನ್ನು ಕಂಡ. ಚಿನ್ನ ಹುಡುಕುವವನಿಗೆ ಅಕ್ಷರ ಸಿಕ್ಕಿತು! ಅದೇ ವರ್ಷ ಎಚ್. ಕೃಷ್ಣಶಾಸ್ತ್ರಿಗಳು ಹೈದರಾಬಾದಿನ ಪುರಾತತ್ತ್ವ ಮಾಲೆಯ ಮೊದಲನೆಯ ಪುಸ್ತಕವಾಗಿ ಆ ಶಾಸನವನ್ನು ಪ್ರಕಟಿಸಿದರು. ‘ದೇವಾನಾಂಪ್ರಿಯ’ ಎಂಬ ಬಿರುದಿನ ಜೊತೆಗೆ ‘ಅಶೋಕ’ ಎಂಬ ಹೆಸರೂ ಕಲ್ಲಿನ ಮೇಲೆ ಮೊದಲು ಓದಲ್ಪಟ್ಟದ್ದು ಅಲ್ಲಿ. ಅಲ್ಲಿಯವರೆಗೆ ದೇಶದ ನಾನಾ ಕಡೆ ಸಿಕ್ಕಿದ್ದ ಧರ್ಮಲಿಪಿಗಳಲ್ಲಿ ಬಿರುದು ಮಾತ್ರ ಇತ್ತು. ಗುಜರ್ರಾ, ನಿಟ್ಟೂರು, ಉಡೇಗೋಳಗಳಲ್ಲಿ ಆ ಹೆಸರು ಮತ್ತೆ ದೊರೆತದ್ದು ಬಹಳ ತಡವಾಗಿ. ಸವೆದ ಬಂಡೆಯ ಮೇಲಿನ ಮೂರು ನಾಲ್ಕು ಅಕ್ಷರಗಳು ಒಬ್ಬ ಚಕ್ರವರ್ತಿಗೆ ಅವನ ಹೆಸರನ್ನು ಮರಳಿಸಿದವು. ಒಂದಕ್ಷರದ ಬೆಲೆ ಎಷ್ಟೆಂಬುದಕ್ಕೆ ನಮ್ಮ ಸೀಮೆಯವರು ಬೇರೆ ದೃಷ್ಟಾಂತ ಹುಡುಕಬೇಕಾಗಿಲ್ಲ.

ಹಿಂದೆ ಶಾಸನ ಸಂಗ್ರಾಹಕರು ಒದ್ದೆ ಕಾಗದವನ್ನು ಕಲ್ಲಿನ ಮೇಲೆ ಹಾಸಿ, ಕುಂಚದಿಂದ ಬಡಿದು ಗೀರುಗಳೊಳಕ್ಕೆ ಇಳಿಸಿ, ಮೇಲೆ ಮಸಿ ತಟ್ಟಿ ಪಡಿಯಚ್ಚು ತೆಗೆಯುತ್ತಿದ್ದರು. ಈಗಲೂ ಅದೇ ಶ್ರೇಷ್ಠ ಮಾರ್ಗ. ಆದರೆ ಅದಕ್ಕೆ ಕೈ ಪಳಗಿರಬೇಕು, ಅನುಮತಿ ಬೇಕು, ಕಲ್ಲು ಗಟ್ಟಿಯಾಗಿರಬೇಕು. ನನ್ನಂಥ ಹವ್ಯಾಸಿಗೆ ದೂರದಿಂದ ಚಿತ್ರ ತೆಗೆಯುವುದೇ ಮರ್ಯಾದೆಯ ದಾರಿ. ಗೀರಿನೊಳಗೆ ಸೀಮೆಸುಣ್ಣ ತುಂಬಿ ಚಿತ್ರ ತೆಗೆಯುವ ಒಂದು ದುರಭ್ಯಾಸವುಂಟು. ಅದು ಕಲ್ಲನ್ನೂ ಕೆಡಿಸುತ್ತದೆ, ಓದನ್ನೂ ಕೆಡಿಸುತ್ತದೆ. ಸುಣ್ಣ ತುಂಬಿದವನು ತಾನು ಓದಿದ್ದನ್ನೇ ಬರೆದಿರುತ್ತಾನೆ, ಕಲ್ಲು ಹೇಳಿದ್ದನ್ನಲ್ಲ.

ಬೆಂಗಳೂರಿನಲ್ಲಿರುವ ಮಗಳು ನನಗೊಂದು ಕ್ಯಾಮೆರಾ ತಂದುಕೊಟ್ಟಾಗ, ‘ಅಪ್ಪಾ, ಇದನ್ನು ರಾದಲ್ಲಿ ಇಟ್ಟುಕೊಂಡು ತೆಗೀರಿ’ ಎಂದಳು. ರಾ ಎಂದರೇನೆಂದು ಕೇಳಿದೆ. ‘ಹಸಿ, ಬೇಯಿಸದ್ದು’ ಎಂದು ನಕ್ಕಳು. ಇನ್ನೊಂದು ಬಗೆಯ ಕಡತಕ್ಕೆ ಜೆಪೆಗ್ ಎಂದು ಹೆಸರು. ಅದು ಕ್ಯಾಮೆರಾ ತಾನೇ ಬೇಯಿಸಿ ಬಡಿಸಿದ ಅಡುಗೆ.

‘ಕಡತ’ ಎಂದೆ. ಕಂಪ್ಯೂಟರಿನ ಕನ್ನಡಕ್ಕೆ ಈ ಶಬ್ದ ಹೇಗೋ ಒದಗಿಬಂದಿದೆ. ಹಳೆಯ ಕಡತ ಬಟ್ಟೆಯದು. ಹುಣಸೆಬೀಜದ ಅಂಟಿನಲ್ಲಿ ಇದ್ದಿಲ ಪುಡಿ ಕಲಸಿ ಲೇಪಿಸಿ, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿ, ಬಳಪದಲ್ಲಿ ಲೆಕ್ಕಪತ್ರ ಬರೆಯುತ್ತಿದ್ದರು. ಬೇಡವಾದರೆ ಒರೆಸಿ ಮತ್ತೆ ಬರೆಯಬಹುದಾಗಿತ್ತು. ಕ್ಯಾಮೆರಾದ ಹಸಿ ಕಡತದ ಗುಣ ಇದಕ್ಕೆ ತೀರ ವಿರುದ್ಧ. ಅದರ ಮೇಲೆ ನಾವು ಎಷ್ಟು ಕೆಲಸ ಮಾಡಿದರೂ ಮೂಲದ ಒಂದು ಚುಕ್ಕೆಯೂ ಅಳಿಯುವುದಿಲ್ಲ.

ಇದು ಹೇಗೆಂಬುದನ್ನು ನಾನು ತಿಳಿದುಕೊಂಡ ಮಟ್ಟಿಗೆ ಹೇಳುತ್ತೇನೆ. ಕ್ಯಾಮೆರಾದ ಒಳಗೆ ಬೆಳಕನ್ನು ಅಳೆಯುವ ಲಕ್ಷಾಂತರ ಪುಟ್ಟ ಕೋಶಗಳಿರುತ್ತವೆ. ಪ್ರತಿಯೊಂದು ಕೋಶವೂ ತನ್ನ ಮೇಲೆ ಬಿದ್ದ ಬೆಳಕಿಗೆ ಒಂದು ಅಂಕಿಯನ್ನು ಕೊಡುತ್ತದೆ. ಇಂದಿನ ಕ್ಯಾಮೆರಾಗಳಲ್ಲಿ ಈ ಅಂಕಿ ಸಾಮಾನ್ಯವಾಗಿ 12 ಅಥವಾ 14 ಬಿಟ್ಟಿನದು. 12 ಬಿಟ್ಟಾದರೆ ಕಪ್ಪಿನಿಂದ ಬಿಳುಪಿನವರೆಗೆ 4096 ಮೆಟ್ಟಿಲುಗಳು. 14 ಆದರೆ 16384. ಜೆಪೆಗ್ಗಿನಲ್ಲಿ ಒಂದೊಂದು ಬಣ್ಣಕ್ಕೆ 256 ಮೆಟ್ಟಿಲು ಮಾತ್ರ. ನೋಡುವ ಕಣ್ಣಿಗೆ 256 ಧಾರಾಳವಾಗಿ ಸಾಕು; ಮದುವೆಯ ಚಿತ್ರಕ್ಕೆ ಅದಕ್ಕಿಂತ ಹೆಚ್ಚು ಬೇಕಿಲ್ಲ. ಆದರೆ ಸವೆದ ಗೀರಿಗೂ ಅದರ ಪಕ್ಕದ ಕಲ್ಲಿಗೂ ಇರುವ ವ್ಯತ್ಯಾಸ ಒಂದೆರಡು ಮೆಟ್ಟಿಲಿನದಾಗಿದ್ದರೆ, ಮೆಟ್ಟಿಲು ಕಡಿಮೆಯಾದಾಗ ಆ ವ್ಯತ್ಯಾಸವೇ ಮಾಯವಾಗುತ್ತದೆ. ಜೆಪೆಗ್ ಎಂಬುದು ಒಳ್ಳೆಯ ಅಚ್ಚಿನ ಪುಸ್ತಕ. ಹಸಿ ಕಡತ ಮಸಿ ಹಚ್ಚದ ಓಲೆ.

ಆ ಓಲೆಯೂ ಪೂರ್ಣ ನಿರ್ಲಿಪ್ತವಾದುದೆಂದು ಭಾವಿಸಬೇಡಿ. ಕೋಶಗಳಿಗೆ ಬಣ್ಣ ತಿಳಿಯದು; ಅವಕ್ಕೆ ಬೆಳಕಿನ ಪ್ರಮಾಣವೊಂದೇ ಗೊತ್ತು. ಆದ್ದರಿಂದ ಒಂದೊಂದರ ಮೇಲೂ ಒಂದೊಂದು ಬಣ್ಣದ ಸೋಸುಗಾಜನ್ನು ಹೊದಿಸಿರುತ್ತಾರೆ: ಅರ್ಧದಷ್ಟು ಹಸಿರು, ಕಾಲುಭಾಗ ಕೆಂಪು, ಕಾಲುಭಾಗ ನೀಲಿ. ಕೊಡಕ್ ಕಂಪನಿಯ ಬ್ರೈಸ್ ಬೇಯರ್ ಎಂಬ ವಿಜ್ಞಾನಿಗೆ 1976ರಲ್ಲಿ ಈ ಏರ್ಪಾಡಿಗೆ ಪೇಟೆಂಟ್ ದೊರೆಯಿತು. ಇದರ ಫಲವೇನೆಂದರೆ, ಪ್ರತಿಯೊಂದು ಚುಕ್ಕೆಗೂ ಒಂದು ಬಣ್ಣ ಮಾತ್ರ ಅಳತೆಗೆ ಸಿಕ್ಕಿರುತ್ತದೆ. ಉಳಿದೆರಡನ್ನು ನೆರೆಯ ಚುಕ್ಕೆಗಳನ್ನು ನೋಡಿ ತಂತ್ರಾಂಶ ಊಹಿಸಿ ತುಂಬುತ್ತದೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಚಿತ್ರದ ಮೂರನೆಯ ಎರಡು ಪಾಲು ಸಂಪಾದಕನ ಊಹಾಪಾಠ! ಪ್ರಾಮಾಣಿಕ ಊಹೆಯೇ ಹೌದು. ಆದರೂ ಊಹೆ.

ಇನ್ನು ತಂತ್ರಾಂಶ. ವೃತ್ತಿನಿರತರು ಬಳಸುವ ದೊಡ್ಡ ತಂತ್ರಾಂಶಗಳಿಗೆ ತಿಂಗಳು ತಿಂಗಳು ಬಾಡಿಗೆ ಕಟ್ಟಬೇಕು; ಪಿಂಚಣಿದಾರನಿಗೆ ಅದು ಒಗ್ಗದು. ನನ್ನಲ್ಲಿರುವುದು ಫೋಟೋಶಾಪ್ ಎಲಿಮೆಂಟ್ಸ್ ಎಂಬುದರ ಒಂದು ಹಳೆಯ ಆವೃತ್ತಿ, ಒಮ್ಮೆ ಹಣ ತೆತ್ತು ಕೊಂಡದ್ದು. 2001ರಲ್ಲಿ ಹವ್ಯಾಸಿಗಳಿಗಾಗಿ ಮೊದಲು ಬಂದ ತಂತ್ರಾಂಶ ಇದು; ದೊಡ್ಡಣ್ಣನ ಮನೆಯ ಚಿಕ್ಕ ತಮ್ಮ. ಹಣವೇ ಬೇಡವೆನ್ನುವವರಿಗೆ ರಾಥೆರಪಿ, ಡಾರ್ಕ್‌ಟೇಬಲ್ ಎಂಬ ಉಚಿತ ತಂತ್ರಾಂಶಗಳಿವೆ. ಅವು ನನ್ನದಕ್ಕಿಂತ ಹೆಚ್ಚು ಬಲ್ಲವು, ಆದರೆ ಕಲಿಯಲು ತಾಳ್ಮೆ ಬೇಕು. ನನ್ನ ಮಟ್ಟಿಗೆ ಚಿಕ್ಕ ತಮ್ಮನೇ ಸಾಕೆನಿಸಿತು. ಮೊದಲ ದಿನವೇ ಅದು ನನ್ನ ಹೊಸ ಕ್ಯಾಮೆರಾದ ಕಡತವನ್ನು ತೆರೆಯಲಾರೆನೆಂದಿತು. ತಂತ್ರಾಂಶ ಹುಟ್ಟಿದ ಮೇಲೆ ಹುಟ್ಟಿದ ಕ್ಯಾಮೆರಾದ ಲಿಪಿ ಅದಕ್ಕೆ ತಿಳಿಯದು. ಇದಕ್ಕೊಂದು ಉಪಾಯವಿದೆ. ಅಡೋಬ್ ಕಂಪನಿ 2004ರಲ್ಲಿ ಡಿಎನ್‌ಜಿ ಎಂಬ ಸಾಮಾನ್ಯ ಲಿಪಿಯೊಂದನ್ನು ಹೊರತಂದಿತು. ಬಹುಪಾಲು ಕ್ಯಾಮೆರಾಗಳ ಹಸಿ ಕಡತಗಳನ್ನು ಅದಕ್ಕೆ ಪರಿವರ್ತಿಸುವ ಸಲಕರಣೆಯನ್ನು ಉಚಿತವಾಗಿ ಕೊಡುತ್ತದೆ. ಮೋಡಿ ಲಿಪಿಯ ದಫ್ತರವನ್ನು ಬಾಳಬೋಧದಲ್ಲಿ ನಕಲು ಮಾಡಿಸಿಕೊಂಡಂತೆ. ಅದಾದ ಮೇಲೆ ತೊಡಕಿಲ್ಲ.

ಹಸಿ ಕಡತವನ್ನು ತೆರೆದರೆ ಮೊದಲು ಒಂದು ಪ್ರತ್ಯೇಕ ಕಿಟಕಿ ಕಾಣಿಸುತ್ತದೆ. ಬಲಗಡೆ ಹತ್ತು ಹನ್ನೆರಡು ಸ್ಲೈಡರುಗಳು: ಬೆಳಕಿನ ಬಣ್ಣಕ್ಕೊಂದು, ಒಟ್ಟು ಬೆಳಕಿಗೊಂದು, ನೆರಳಿಗೊಂದು, ಹೊಳಪಿಗೊಂದು, ಹೀಗೆ. ದೊಡ್ಡಣ್ಣನ ಮನೆಯಲ್ಲಿರುವ ಎಷ್ಟೋ ಉಪಕರಣಗಳು ನನ್ನ ಆವೃತ್ತಿಯಲ್ಲಿಲ್ಲ. ಚಿತ್ರದ ಒಂದು ಮೂಲೆಯನ್ನಷ್ಟೇ ಬೆಳಗಿಸುವ ಕುಂಚ ಈ ಕಿಟಕಿಯಲ್ಲಿಲ್ಲ. ಇದನ್ನು ನಾನು ಕೊರತೆಯೆಂದು ತಿಳಿದಿದ್ದೆ. ಈಗ ಹಾಗೆ ತಿಳಿಯುವುದಿಲ್ಲ. ಕುಂಚವಿದ್ದರೆ ಬೇಕಾದ ಅಕ್ಷರಕ್ಕಷ್ಟೇ ಮಸಿ ಹಚ್ಚುವ ಆಸೆ ಹುಟ್ಟುತ್ತದೆ. ಇಲ್ಲದಿದ್ದರೆ ಏನು ಮಾಡಿದರೂ ಇಡೀ ಕಲ್ಲಿಗೆ ಸಮನಾಗಿ ಮಾಡಬೇಕು.

ಚಿಕ್ಕ ತಮ್ಮನ ಒಂದು ಗುಟ್ಟನ್ನು ಮಾತ್ರ ಹೊಸಬರು ತಿಳಿದಿರಬೇಕು. ಈ ಕಿಟಕಿಯನ್ನು ದಾಟಿ ಒಳಮನೆಗೆ ಹೋದರೆ, ಅಲ್ಲಿನ ಬಹುಪಾಲು ಉಪಕರಣಗಳು 8 ಬಿಟ್ಟಿನ ಚಿತ್ರದ ಮೇಲೆ ಮಾತ್ರ ಕೆಲಸ ಮಾಡುತ್ತವೆ. ಪದರಗಳನ್ನು ಹೂಡಬೇಕಾದರೂ ಚಿತ್ರವನ್ನು 8 ಬಿಟ್ಟಿಗೆ ಇಳಿಸಲೇಬೇಕು. ಎಂದರೆ ಸಾವಿರಾರು ಮೆಟ್ಟಿಲುಗಳನ್ನು ಹೊಸ್ತಿಲಲ್ಲೇ ಬಿಟ್ಟು ಒಳಗೆ ಹೋಗುತ್ತೇವೆ. ಆದ್ದರಿಂದ ಬೆಳಕು ನೆರಳಿನ ಕೆಲಸವನ್ನೆಲ್ಲ ಹೊರಗಿನ ಕಿಟಕಿಯಲ್ಲೇ ಮುಗಿಸಿಕೊಳ್ಳಬೇಕು. ಬಿಳುಪಿನ ಸ್ಲೈಡರನ್ನು ಎಳೆಯುವಾಗ ಕೀಲಿಮಣೆಯ ಆಲ್ಟ್ ಕೀಲಿಯನ್ನು ಒತ್ತಿಹಿಡಿದರೆ ಪರದೆಯೆಲ್ಲ ಕಪ್ಪಾಗಿ, ಬಿಸಿಲಿಗೆ ಸುಟ್ಟುಹೋದ ಜಾಗಗಳು ಮಾತ್ರ ಬೆಳಗಿ ಕಾಣುತ್ತವೆ. ಕ್ಯಾಮೆರಾದಲ್ಲೇ ಸುಟ್ಟುಹೋದದ್ದನ್ನು ಯಾವ ಸ್ಲೈಡರೂ ಹಿಂದಕ್ಕೆ ತಾರದು. ಗೆದ್ದಲು ತಿಂದ ಗರಿಯಲ್ಲಿ ಪಾಠ ಹುಡುಕಿದಂತೆಯೇ.

ಬಣ್ಣದ ವಿಚಾರವನ್ನು ಬೇಗ ಹೇಳಿ ಮುಗಿಸುತ್ತೇನೆ. ಬಂಡೆಯ ಮರೆಯಲ್ಲಿ ಬರಿಯ ಆಕಾಶದ ಬೆಳಕಿರುವಾಗ ಚಿತ್ರಕ್ಕೆ ನೀಲಿ ಛಾಯೆ ಬರುತ್ತದೆ; ಪಿಕ್ಲಿಹಾಳದ ಕಾವಿಯ ಬಣ್ಣದ ಚಿತ್ರಗಳು ಆಗ ಕಂದಿಹೋಗಿ ಕಾಣುತ್ತವೆ. ಚೌಕಟ್ಟಿನ ಅಂಚಿನಲ್ಲಿ ಒಂದು ಬೂದುಬಣ್ಣದ ರಟ್ಟನ್ನಿಟ್ಟು, ಅನಂತರ ಕಿಟಕಿಯಲ್ಲಿ ಅದರ ಮೇಲೆ ಗುರುತು ಒತ್ತಿದರೆ ಸಾಕು, ತಂತ್ರಾಂಶ ನೀಲಿಯನ್ನು ಕಳೆಯುತ್ತದೆ. ಬಣ್ಣದ ಚಿತ್ರಗಳನ್ನು ಇನ್ನೂ ಎಬ್ಬಿಸಬೇಕೆಂಬವರಿಗಾಗಿ ಜಾನ್ ಹಾರ್ಮನ್ ಎಂಬವರು ಸಿದ್ಧಪಡಿಸಿದ ಡಿಸ್ಟ್ರೆಚ್ ಎಂಬ ಸಾಧನವಿದೆ. ಉಪಗ್ರಹ ಚಿತ್ರಗಳಿಗಾಗಿ ಹುಟ್ಟಿದ ಗಣಿತವನ್ನು ಗುಹಾಚಿತ್ರಗಳಿಗೆ ಒದಗಿಸಿದ್ದಾರೆ. ಅದು ಕೊಡುವ ಬಣ್ಣಗಳು ಕನಸಿನ ಬಣ್ಣಗಳು. ಗೆರೆಯನ್ನು ನೋಡಬೇಕು, ಬಣ್ಣವನ್ನು ನಂಬಬಾರದು.

ಕೊರೆದ ಅಕ್ಷರಕ್ಕೆ ಬೇಕಾದದ್ದು ಬಣ್ಣವಲ್ಲ, ಓರೆ ಬೆಳಕು. ಮಟಮಟ ಮಧ್ಯಾಹ್ನದಲ್ಲಿ ವೀರಗಲ್ಲಿನ ಮುಂದೆ ನಿಂತರೆ ಅಕ್ಷರವೇ ಇಲ್ಲವೇನೋ ಎನಿಸುತ್ತದೆ. ಬೆಳಗಿನ ಎಳೆಬಿಸಿಲು ಬದಿಯಿಂದ ಸವರಿದಾಗ ಗೀರಿನ ಒಂದು ದಡ ಬೆಳಗಿ ಇನ್ನೊಂದು ದಡ ನೆರಳಾಗಿ ಸಾಲಿಗೆ ಸಾಲೇ ಎದ್ದು ಬರುತ್ತದೆ. ಕಲ್ಲು ಬಡಗಣಕ್ಕೆ ಮುಖ ಮಾಡಿದ್ದರೆ ಕನ್ನಡಿ ಹಿಡಿದು ಬಿಸಿಲನ್ನು ತಿರುಗಿಸಬೇಕು. ಅದಕ್ಕೊಬ್ಬ ಹುಡುಗ ಬೇಕು, ಅವನಿಗೊಂದು ಚಹಾ ಬೇಕು. ಬೆಳಕು ತೋರಿಸದ ಗೀರನ್ನು ತಂತ್ರಾಂಶ ತೋರಿಸಿತೆಂದರೆ, ಆಗ ತಂತ್ರಾಂಶವನ್ನೇ ಶಂಕಿಸಬೇಕು. ಇದನ್ನು ನಾನು ಕಲಿತ ಬಗೆಯನ್ನು ಇನ್ನು ಹೇಳಬೇಕು.

ಕೆಲವು ವರ್ಷಗಳ ಹಿಂದೆ, ಮಾಘಮಾಸದ ಒಂದು ಮುಂಜಾನೆ, ಮಸ್ಕಿಗೂ ಲಿಂಗಸುಗೂರಿಗೂ ನಡುವಿನ ಒಂದು ಹಳ್ಳಿಗೆ ಹೋಗಿದ್ದೆ. ಹನುಮಪ್ಪನ ಗುಡಿಯ ಪಕ್ಕದಲ್ಲಿ ಎದೆಮಟ್ಟದ ಒಂದು ವೀರಗಲ್ಲು. ಪಟ್ಟಿಕೆಯ ಮೇಲೆ ಮೂರು ಸಾಲಿನ ಸವೆದ ಬರಹ. ಅಕ್ಷರದ ಮಾಟ ಹನ್ನೆರಡನೆಯ ಶತಮಾನದ ಆಸುಪಾಸಿನದೆಂದು ನನಗೆ ತೋರಿತು. ಎರಡನೆಯ ಸಾಲಿನಲ್ಲಿ ತುರು ಕಾದು ಮಡಿದ ವೀರನ ಹೆಸರು. ಆ ಹೆಸರಿನ ಮೊದಲನೆಯ ಅಕ್ಷರವೇ ಅಸ್ಪಷ್ಟ. ಪಕಾರವೋ ವಕಾರವೋ ತಿಳಿಯದು. ಹಳಗನ್ನಡದ ಲಿಪಿಯನ್ನು ಬಲ್ಲವರಿಗೆ ಈ ಗೋಳು ಹೊಸದಲ್ಲ. ತಲೆ ತೆರೆದಿದ್ದರೆ ಪ, ಮುಚ್ಚಿದ್ದರೆ ವ. ನಡುವೆ ಇರುವುದು ಒಂದೇ ಒಂದು ಅಡ್ಡಗೆರೆ. ಸುಮಾರು ಅರವತ್ತು ಚಿತ್ರ ತೆಗೆದೆ, ಹಸಿ ಕಡತವೂ ಜೆಪೆಗ್ಗೂ ಎರಡೂ ಇರುವಂತೆ.

ಮನೆಗೆ ಬಂದು ಕಂಪ್ಯೂಟರಿಗೆ ಇಳಿಸಿದೆ. ಕೆಲವು ತಿಂಗಳಲ್ಲಿ ಅದರ ಹೊಟ್ಟೆ ತುಂಬಿತು. ಹಸಿ ಕಡತ ಒಂದೊಂದೂ ಜೆಪೆಗ್ಗಿನ ಹಲವು ಪಟ್ಟು ಜಾಗ ತಿನ್ನುತ್ತದೆ. ನೋಡಲು ಎರಡೂ ಒಂದೇ ತೆರನಾಗಿವೆ, ಜೆಪೆಗ್ಗೇ ಒಂದು ಕೈ ಮಿಗಿಲಾಗಿ ಹೊಳೆಯುತ್ತಿದೆ. ಈ ಮಂಕು ಕಡತಗಳೇಕೆ ಎಂದುಕೊಂಡು ಆ ದಿನದ ಹಸಿ ಕಡತಗಳನ್ನೆಲ್ಲ ಅಳಿಸಿದೆ. ಗ್ರಂಥಸಂಪಾದನೆ ಕಲಿಸಿದ ಮೇಷ್ಟ್ರು ಅಚ್ಚಿನ ಪುಸ್ತಕ ಕೈಯಲ್ಲಿದೆಯೆಂದು ಓಲೆಯ ಕಟ್ಟನ್ನು ಒಲೆಗೆ ಹಾಕಿದ. ಕೆ. ಬಿ. ಪಾಠಕರು 1898ರಲ್ಲಿ ‘ಕವಿರಾಜಮಾರ್ಗ’ವನ್ನು ಅಚ್ಚುಹಾಕಿಸಿದ ಮೇಲೂ ವಿದ್ವಾಂಸರು ಹಸ್ತಪ್ರತಿಗಳ ಬಳಿಗೆ ಮತ್ತೆ ಮತ್ತೆ ಹೋಗಿ ಪಾಠ ತಿದ್ದಿದ್ದಾರೆಂದು ಹುಡುಗರಿಗೆ ಹೇಳಿದ ಬಾಯಿ ಇದೇ.

ಅನಂತರ ಒಂದು ರಾತ್ರಿ ಆ ಜೆಪೆಗ್ಗನ್ನೇ ತಂತ್ರಾಂಶದಲ್ಲಿ ತೆರೆದು, ನೆರಳನ್ನು ಕೊನೆಯವರೆಗೆ ಎತ್ತಿದೆ, ಕಾಂಟ್ರಾಸ್ಟನ್ನು ಏರಿಸಿದೆ, ಮತ್ತೊಮ್ಮೆ ಏರಿಸಿದೆ. ಅಕ್ಷರದ ತಲೆಯ ಮೇಲೆ ಒಂದು ಅಡ್ಡಗೆರೆ ತೇಲಿಬಂತು. ನನ್ನ ಆನಂದವನ್ನು ಏನೆಂದು ಹೇಳಲಿ! ವಕಾರವೇ ಸರಿ. ವಕಾರದಿಂದ ತೊಡಗುವ ಹೆಸರಿನವನೊಬ್ಬನ ಕುರಿತು ಒಂದು ಪುಟ್ಟ ಪ್ರಬಂಧವನ್ನೇ ಹೆಣೆದು, ಒಂದು ಗೋಷ್ಠಿಯಲ್ಲಿ ಓದಿದೆ. ಪರದೆಯ ಮೇಲೆ ಚಿತ್ರವನ್ನೂ ತೋರಿಸಿದೆ. ಜನ ಮೆಚ್ಚಿದರು.

ಗೋಷ್ಠಿ ಮುಗಿದ ಮೇಲೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು, ಈಗ ಆಕೆಯೂ ಕನ್ನಡ ಅಧ್ಯಾಪಕಿ, ಬಳಿಗೆ ಬಂದು ಸಂಕೋಚದಿಂದಲೇ ಕೇಳಿದಳು: ‘ಸರ್, ಉಳಿ ಹಿಡಿದವನ ಗೆರೆ ಅಷ್ಟು ನೆಟ್ಟಗಿರ್ತದೇನ್ರಿ? ಅಂಥದೇ ಗೆರೆ ಅಕ್ಷರ ಇಲ್ಲದ ಕಡೇನೂ ಅದಾವಲ್ರಿ?’

ಮನೆಗೆ ಬಂದು ಚಿತ್ರವನ್ನು ಹಿಗ್ಗಿಸಿ ನೋಡಿದೆ. ಆಕೆಯ ಮಾತು ನಿಜ. ಕಲ್ಲಿನ ಬಯಲು ಭಾಗದಲ್ಲಿಯೂ ಅದೇ ಬಗೆಯ ಗೆರೆಗಳು, ಸಮಾನ ಅಂತರದಲ್ಲಿ, ಚದುರಂಗದ ಹಾಸಿನಂತೆ. ಎಣಿಸಿದೆ, ಎಂಟೆಂಟು ಚುಕ್ಕೆಗಳಿಗೊಂದು. ಜೆಪೆಗ್ ಎಂಬ ಪದ್ಧತಿ ಚಿತ್ರವನ್ನು ಎಂಟು ಚುಕ್ಕೆ ಉದ್ದ, ಎಂಟು ಚುಕ್ಕೆ ಅಗಲದ ಚೌಕಗಳಾಗಿ ತುಂಡರಿಸಿ, ಪ್ರತಿಯೊಂದನ್ನೂ ಬೇರೆ ಬೇರೆಯಾಗಿ ಸಂಕ್ಷೇಪಿಸುತ್ತದೆಂಬುದು ಅನಂತರ ತಿಳಿಯಿತು. ಸುಮ್ಮನೆ ನೋಡುವಾಗ ಈ ಬೆಸುಗೆಗಳು ಕಾಣುವುದಿಲ್ಲ. ನೆರಳನ್ನು ಹಿಡಿದು ಎಳೆದಾಗ ಚೌಕದ ಅಂಚು ಗೆರೆಯಾಗಿ ಏಳುತ್ತದೆ. ಹಾಗೆ ಎದ್ದ ಒಂದು ಅಂಚು ನನ್ನ ವೀರನ ಹೆಸರಿನ ಮೇಲೆ ಬಂದು ಕುಳಿತಿತ್ತು. ಎಂಟು ಶತಮಾನದ ಹಿಂದೆ ಸತ್ತವನ ಹೆಸರನ್ನು ನಾನು ಯಂತ್ರದ ಹೊಲಿಗೆಯಿಂದ ಓದಿದ್ದೆ.

ಮತ್ತೆ ಚಿತ್ರ ತೆಗೆದರಾಯಿತೆಂದು ಆ ವಾರವೇ ಹಳ್ಳಿಗೆ ಹೋದೆ. ಗುಡಿ ಜೀರ್ಣೋದ್ಧಾರವಾಗಿತ್ತು. ಹೊಸ ಕಟ್ಟೆ, ಹೊಸ ಗಂಟೆ. ವೀರಗಲ್ಲಿಗೆ ಅಡಿಯಿಂದ ಮುಡಿಯವರೆಗೆ ಬೆಳ್ಳಿಯ ಎಣ್ಣೆಬಣ್ಣ. ಬಡಿದ ಬಣ್ಣ ಗೀರುಗಳನ್ನೆಲ್ಲ ತುಂಬಿ ನಯವಾಗಿ ಹೊಳೆಯುತ್ತಿತ್ತು. ಕಟ್ಟೆಯ ಮೇಲೆ ಕುಳಿತಿದ್ದ ಹಿರಿಯರೊಬ್ಬರು ನನ್ನ ಗುರುತು ಹಿಡಿದು, ‘ಬರ್ರಿ ಮಾಸ್ತರ್ರ, ನಮ್ಮಪ್ಪಗ ಬಣ್ಣ ಹಚ್ಚಿಸೀವಿ, ಹ್ಯಾಂಗ ಐತಿ ನೋಡ್ರಿ’ ಎಂದರು. ಅವರ ಮುಖದಲ್ಲಿ ಇದ್ದದ್ದು ಭಕ್ತಿ, ಸಂತೋಷ. ನಾನು ಏನು ಹೇಳಲಿ? ಮೆಲ್ಲಗೆ ಅಕ್ಷರಗಳ ವಿಷಯ ಎತ್ತಿದೆ. ಅವರು ಒಂದು ಕ್ಷಣ ಯೋಚಿಸಿ, ‘ಅಂದ ನೀವು ಫೋಟೋ ಹೊಡಕೊಂಡು ಹೋಗೀರಲ್ರಿ, ಅದರಾಗ ಇದ್ದೇ ಇರತಾವಲ್ರಿ’ ಎಂದು ನನ್ನನ್ನೇ ಸಮಾಧಾನಪಡಿಸಿದರು.

ನನ್ನ ಮೇಲೆ ಆ ಊರು ಇಟ್ಟಿದ್ದ ನಂಬಿಕೆ ಅದು. ಬಸ್ಸಿನಲ್ಲಿ ಕುಳಿತು ಸಿಂಧನೂರು ಬರುವವರೆಗೆ ನಾನು ಯಾರೊಡನೆಯೂ ಮಾತಾಡಲಿಲ್ಲ.

ಒಂದು ಕಡತ ಉಳಿದಿತ್ತು. ಉಳಿದದ್ದು ನನ್ನ ಜಾಣ್ಮೆಯಿಂದಲ್ಲ. ಆ ಮುಂಜಾನೆ ತೆಗೆದ ಮೊದಲನೆಯ ಚಿತ್ರ ಬಹಳ ಕಪ್ಪಾಗಿ ಬಂದಿತ್ತು. ಬೆಳಕಿನ ಲೆಕ್ಕವನ್ನು ಎರಡು ಹಂತ ಕಡಿಮೆ ಇಟ್ಟಿದ್ದೆ. ಕ್ಯಾಮೆರಾ ಕೆಟ್ಟಿದೆಯೇ ಎಂದು ಕೇಳಿ ಆ ಹಸಿ ಕಡತವನ್ನು ಮಗಳಿಗೆ ಕಳಿಸಿದ್ದೆ. ಆಕೆ ‘ಕೆಟ್ಟಿಲ್ಲಪ್ಪಾ, ನೀವೇ ಕೆಡಿಸಿದ್ದೀರಿ’ ಎಂದು ಉತ್ತರ ಬರೆದು, ಕಡತವನ್ನು ತನ್ನ ಕಂಪ್ಯೂಟರಿನಲ್ಲಿ ಹಾಗೆಯೇ ಬಿಟ್ಟಿದ್ದಳು. ಕೆಟ್ಟ ಚಿತ್ರವೆಂದು ಬಿಟ್ಟದ್ದೇ ಉಳಿಯಿತು.

ಅದನ್ನು ತರಿಸಿಕೊಂಡು ತೆರೆದೆ. ಪರದೆಯ ಮೇಲೆ ಬರಿಯ ಕತ್ತಲೆ. ಎಕ್ಸ್‌ಪೋಷರ್ ಎಂಬ ಮೊದಲ ಸ್ಲೈಡರನ್ನು ಎರಡು ಹಂತ ಏರಿಸಿದೆ. ಕಲ್ಲು ನಿಧಾನವಾಗಿ ಕತ್ತಲೆಯಿಂದ ಹೊರಬಂತು. ಇಲ್ಲಿ ಲೆಕ್ಕವನ್ನು ಸ್ವಲ್ಪ ನೋಡಬೇಕು. 14 ಬಿಟ್ಟಿನ ಕಡತದಲ್ಲಿ 16384 ಮೆಟ್ಟಿಲುಗಳಿದ್ದರೂ ಅವು ಸಮನಾಗಿ ಹಂಚಿಕೊಂಡಿಲ್ಲ. ಅತ್ಯಂತ ಬೆಳಗಿನ ಒಂದು ಹಂತವೇ ಅರ್ಧವನ್ನು, ಅಂದರೆ 8192ನ್ನು, ನುಂಗುತ್ತದೆ. ಅದರ ಕೆಳಗಿನದು 4096. ಎರಡು ಹಂತ ಕತ್ತಲೆಯಾದ ನನ್ನ ಚಿತ್ರಕ್ಕೆ ಉಳಿದದ್ದು ಕೆಳಗಿನ ಕಾಲುಭಾಗ, ಸುಮಾರು 4096 ಮೆಟ್ಟಿಲು. ಕೆಡಿಸಿದ ಮೇಲೂ ಜೆಪೆಗ್ಗಿನ 256ರ ಮುಂದೆ ಎಷ್ಟೋ ಪಾಲು ಸಿರಿ! ಕತ್ತಲೆಯಿಂದ ಎತ್ತಿದ ಚಿತ್ರದಲ್ಲಿ ನುಚ್ಚು ಚೆಲ್ಲಿದಂತೆ ಕಾಳುಕಾಳಾಗಿ ಕಾಣುತ್ತದೆ, ನಿಜ. ಆದರೆ ನುಚ್ಚು ಎಲ್ಲೆಂದರಲ್ಲಿ ಬೀಳುತ್ತದೆ. ಅದು ನೆಟ್ಟಗೆ ಸಾಲುಗಟ್ಟಿ ಅಕ್ಷರದ ವೇಷ ಹಾಕುವುದಿಲ್ಲ.

ನೆರಳನ್ನು ಮಿತವಾಗಿ ಎತ್ತಿದೆ. ತೀಕ್ಷ್ಣತೆಯನ್ನು ಹೆಚ್ಚಿಸುವ ಸ್ಲೈಡರನ್ನು ಸೊನ್ನೆಗೆ ಇಳಿಸಿದೆ, ಅದು ಅಂಚಿಲ್ಲದ ಕಡೆ ಅಂಚು ಹುಟ್ಟಿಸಬಲ್ಲದೆಂಬ ಭಯದಿಂದ. ಬಣ್ಣವನ್ನು ಪೂರ್ಣ ತೆಗೆದೆ. ಅಡ್ಡಗೆರೆ ಇರಲಿಲ್ಲ. ಇದ್ದದ್ದು ಅಕ್ಷರದ ಬಲಗಡೆಯ ತಲೆಯ ಬಳಿ ಕಲ್ಲಿನ ಒಂದು ಚಕ್ಕೆ ಎದ್ದ ಗುಳಿ. ಆ ಚಕ್ಕೆಯೊಡನೆ ತಲೆಯ ಅರ್ಧ ಎಂದೋ ಹೋಗಿದೆ. ಉಳಿದ ಅರ್ಧ ತೆರೆದಂತೆ ತೋರುತ್ತದೆ; ಪಕಾರವಿರಬಹುದು.

ಶಾಸನವನ್ನು ಅಚ್ಚುಹಾಕುವಾಗ ನಮ್ಮ ಹಿರಿಯರು ಒಂದು ನಿಯಮ ಇಟ್ಟುಕೊಂಡಿದ್ದರು. ಸ್ಪಷ್ಟವಾಗಿ ಕಂಡ ಅಕ್ಷರವನ್ನು ಹಾಗೆಯೇ ಬರೆಯುವುದು, ಶಂಕೆಯಿರುವುದನ್ನು ಆವರಣದೊಳಗೆ ಇಡುವುದು, ಹೋದದ್ದಕ್ಕೆ ಚುಕ್ಕಿ ಹಾಕುವುದು. ಓದುಗನಿಗೆ ಯಾವುದು ಕಲ್ಲಿನದು, ಯಾವುದು ಸಂಪಾದಕನದು ಎಂದು ಪುಟದ ಮೇಲೆಯೇ ತಿಳಿಯುತ್ತದೆ. ಸಂಸ್ಕರಿಸಿದ ಛಾಯಾಚಿತ್ರಕ್ಕೆ ಈ ಆವರಣವೇ ಇಲ್ಲ. ಎಲ್ಲಿ ಕಲ್ಲು ನಿಂತಿತು, ಎಲ್ಲಿ ಸ್ಲೈಡರು ತೊಡಗಿತು ಎಂಬುದು ನೋಡುವವನಿಗೆ ಕಾಣುವುದಿಲ್ಲ. ಗೋಷ್ಠಿಯ ಪರದೆಯ ಮೇಲೆ ನಾನು ತೋರಿಸಿದ್ದು ಹಾಗೆ ಆವರಣವಿಲ್ಲದ ಒಂದು ಊಹೆ. ಜನ ಅದನ್ನು ಕಲ್ಲೆಂದೇ ನಂಬಿದರು. ನಾನೂ ನಂಬಿದ್ದೆ.

ಹಸಿ ಕಡತದಲ್ಲಿ ಒಂದು ಅನುಕೂಲವಿದೆ. ಕಿಟಕಿಯಲ್ಲಿ ನಾವು ಮಾಡಿದ ಬದಲಾವಣೆಗಳನ್ನೆಲ್ಲ ತಂತ್ರಾಂಶ ಮೂಲದ ಅಂಕಿಗಳ ಮೇಲೆ ಬರೆಯುವುದಿಲ್ಲ. ಬೆಳಕನ್ನು ಇಷ್ಟು ಏರಿಸಿದೆ, ನೆರಳನ್ನು ಇಷ್ಟು ಎತ್ತಿದೆ ಎಂಬ ಟಿಪ್ಪಣಿಯನ್ನು ಬೇರೆಯಾಗಿ ಇಡುತ್ತದೆ. ಕೆಲವು ಬಗೆಯ ಕಡತಗಳಿಗೆ ಪಕ್ಕದಲ್ಲಿ ಒಂದು ಪುಟ್ಟ ಕಡತವಾಗಿ. ಡಿಎನ್‌ಜಿಯಲ್ಲಿ ಅದರ ಒಳಗೇ, ಚಿತ್ರಾಂಶವನ್ನು ಮುಟ್ಟದೆ ಇನ್ನೊಂದು ಜಾಗದಲ್ಲಿ. ಓಲೆಯ ಅಂಚಿನಲ್ಲಿ ಹಿಂದಿನ ಓದುಗ ಬರೆದಿಟ್ಟ ಟೀಕೆಯಂತೆ. ಬೇಡವೆನ್ನುವವನು ಅದನ್ನೆಲ್ಲ ಸೊನ್ನೆ ಮಾಡಿ ತನ್ನ ಮಸಿಯನ್ನು ತಾನೇ ಹಚ್ಚಿಕೊಳ್ಳಬಹುದು. ಆವರಣಕ್ಕೆ ಸಮೀಪವಾದದ್ದು ಏನಾದರೂ ಈ ಲೋಕದಲ್ಲಿದ್ದರೆ ಇದೊಂದೇ. ಆದ್ದರಿಂದ ಈಗ ನಾನು ಯಾರಿಗಾದರೂ ಶಾಸನದ ಚಿತ್ರ ಕಳಿಸುವಾಗ ಹಸಿ ಕಡತವನ್ನೂ ಜೊತೆಗೆ ಕಳಿಸುತ್ತೇನೆ, ಸ್ಲೈಡರುಗಳ ಲೆಕ್ಕವನ್ನೂ ಕಾಗದದಲ್ಲಿ ಬರೆಯುತ್ತೇನೆ. ಕೆಲವರಿಗೆ ಇದು ವೃದ್ಧನ ಚಪಲವೆಂದು ತೋರುತ್ತದೆ. ತೋರಲಿ.

ಗೋಷ್ಠಿಯನ್ನು ನಡೆಸಿದವರಿಗೆ ಪತ್ರ ಬರೆದು ನನ್ನ ಪ್ರಬಂಧವನ್ನು ಹಿಂತೆಗೆದುಕೊಂಡೆ. ಕತ್ತಲೆಯ ಕಡತದ ಮೂರು ಪ್ರತಿ ಮಾಡಿ, ಒಂದನ್ನು ನನ್ನಲ್ಲಿಟ್ಟುಕೊಂಡು, ಒಂದನ್ನು ಮಗಳಲ್ಲಿ ಬಿಟ್ಟು, ಮೂರನೆಯದನ್ನು ಆ ವಿದ್ಯಾರ್ಥಿನಿಗೆ ಕಳಿಸಿದೆ. ನನ್ನ ಟಿಪ್ಪಣಿಯನ್ನು ಸೊನ್ನೆ ಮಾಡಿ ಹೊಸದಾಗಿ ಓದಬೇಕೆಂದು ಬರೆದೆ. ಹದಿನೈದು ದಿನಗಳ ಮೇಲೆ ಆಕೆಯ ಓದು ಬಂತು. ಮೂರು ಸಾಲುಗಳಲ್ಲಿ ನಮ್ಮಿಬ್ಬರಿಗೂ ಭೇದವಿದ್ದದ್ದು ಒಂದೇ ಕಡೆ. ನಾನು ಆವರಣದೊಳಗೆ ‘ಪ’ ಎಂದು ಬರೆದಿದ್ದೆ. ಆಕೆ ಆ ಜಾಗದಲ್ಲಿ ಒಂದು ಚುಕ್ಕಿಯನ್ನಷ್ಟೇ ಇಟ್ಟು, ‘ಇಲ್ಲಿ ಅಕ್ಷರ ಹೋಗಿದೆ ಸರ್, ನನಗೆ ಕಾಣಿಸಲಿಲ್ಲ’ ಎಂದು ಬರೆದಿದ್ದಳು. ಎರಡು ಓದುಗಳನ್ನೂ ಅಕ್ಕಪಕ್ಕದಲ್ಲಿ ಬರೆದು, ಕಡತದ ಜೊತೆಗೆ ಕಟ್ಟಿ ಇಟ್ಟಿದ್ದೇನೆ.